ಗೋಡೆಗೆ ಅಂಟಿಸಿದ ಅಕ್ಕ

ಆಫೀಸಿನಲ್ಲಿ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಮುಖದೆದುರೇ ಹಾಗೆ ಕರೆಯುವ ಧೈರ್ಯ ಇಬ್ಬರಿಗೋ ಮೂವರಿಗೋ ಇತ್ತು, ಮಿಕ್ಕವರದೆಲ್ಲ ಬೆನ್ನ ಹಿಂದೆ. ಹೆಸರು ಬಂದದ್ದು ಕೆಲಸದಿಂದ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿಟ್ಟ ಪರದೆಯಲ್ಲಿ ನಮ್ಮನ್ನು ಏನೇನೋ ಕೇಳುತ್ತಾರಲ್ಲ, ವಯಸ್ಸೆಷ್ಟು, ಮದುವೆ ಆಗಿದೆಯೇ, ಮನೆ ಎಲ್ಲಿ, ಫೋನ್ ನಂಬರೇನು ಅಂತ, ಆ ಮಾತುಗಳನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ನಮಗೆ ಅದು ಹೊಳೆಯುವುದೇ ಇಲ್ಲ. ಯಂತ್ರ ಕೇಳುತ್ತಿದೆ ಅಂದುಕೊಂಡು ಯಂತ್ರಕ್ಕೇ ಬೈದು ಸುಮ್ಮನಾಗುತ್ತೇವೆ. ಹಾಗೆ ಬೈಸಿಕೊಳ್ಳುವ ಮಾತುಗಳನ್ನು ಬರೆಯುವುದೇ ಈಕೆಯ ಹೊಟ್ಟೆಪಾಡು. ಹದಿನಾಲ್ಕು ವರ್ಷದ ಸರ್ವಿಸು.

ಯಾರು ಯಾವ ಪ್ರಶ್ನೆ ತಂದು ಮೇಜಿನ ಮೇಲಿಟ್ಟರೂ ಅವಳ ಬಾಯಿಂದ ಮೊದಲು ಬೀಳುತ್ತಿದ್ದ ಮಾತು ‘ಯಾಕೆ?’

“ಹುಟ್ಟಿದ ತಾರೀಖು ಯಾಕೆ? ಹದಿನೆಂಟು ದಾಟಿದೆಯಾ ಅಂತ ಕೇಳಿದ್ರೆ ಸಾಲ್ದಾ?”

“ಗಂಡನ ಹೆಸರು ಯಾಕೆ? ಹಲ್ಲು ಕೀಳಿಸ್ಕೊಳ್ಳೋಕೆ ಬಂದಿರೋದು ಹೆಂಡತಿ ತಾನೇ?”

ಪ್ರಶ್ನೆ ತಂದವರು ಮೂರು ಮಾತಿಗೆ ಜವಾಬು ಕೊಡಬೇಕಿತ್ತು. ಇದನ್ನು ಯಾಕೆ ಕೇಳುತ್ತೀರಿ, ಉತ್ತರವನ್ನು ಯಾರು ಓದುತ್ತಾರೆ, ಹೇಳಲ್ಲ ಅಂದರೆ ಏನು ಮಾಡುತ್ತೀರಿ. ಜವಾಬಿಲ್ಲದೆ ಕಣ್ಣು ಕಣ್ಣು ಬಿಟ್ಟರೆ ಆ ಪ್ರಶ್ನೆಯ ಮೇಲೆ ಕೆಂಪು ಗೆರೆ ಬಿದ್ದ ಹಾಗೆಯೇ. ಇಪ್ಪತ್ತಾರು ಪ್ರಶ್ನೆ ಹೊತ್ತು ಬಂದವರು ಉಳಿದ ಒಂಬತ್ತನ್ನು ಜೇಬಿಗಿಳಿಸಿಕೊಂಡು, ಹಲ್ಲು ಕಡಿಯುತ್ತಾ ಹೊರಟದ್ದುಂಟು. ಈ ವಿಷಯದಲ್ಲಿ ಯಾಕಮ್ಮನಿಗೆ ಒಂಚೂರು ಜಂಬವೂ ಇತ್ತು. ಇರಲಿ, ಒಳ್ಳೆಯ ಕೆಲಸ ಮಾಡುವವರಿಗೆ ಅಷ್ಟು ಜಂಬ ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

ಬರೆದದ್ದನ್ನು ಅವಳು ಮೊದಲು ಓದಿ ಕೇಳಿಸುತ್ತಿದ್ದುದು ಅಕ್ಕನಿಗೆ. ಅಕ್ಕ ಅವಳಿಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಐವತ್ತೆರಡು ತುಂಬಿದೆ. ಆಫೀಸಿನಿಂದ ಎರಡು ಬಸ್ ಸ್ಟಾಪು ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಪ್ಯಾಂಟು ಮೊಟಕು ಮಾಡುವುದು, ಝಿಪ್ಪು ಬದಲಿಸುವುದು, ಮಕ್ಕಳ ಯೂನಿಫಾರ್ಮು, ದಪ್ಪಗಾದವರ ಕೋಟು ಬಿಚ್ಚಿ ಅಗಲ ಮಾಡಿ ಕೊಡುವುದು. ಸಂಜೆ ಐದೂವರೆಗೆ ಯಾಕಮ್ಮ ಅಲ್ಲಿ ಇಳಿದು, ಬಟ್ಟೆ ಚೂರುಗಳನ್ನು ಪಕ್ಕಕ್ಕೆ ತಳ್ಳಿ, ಸ್ಟೂಲಿನ ಮೇಲೆ ಕೂತು ಓದುವಳು. ಅಕ್ಕ ಮಿಷನ್ ತುಳಿಯುತ್ತಲೇ ಕೇಳುವಳು.

“‘ಮುಂದುವರಿಯಲು ಕೆಳಗಿನ ವಿವರಗಳನ್ನು ಕಡ್ಡಾಯವಾಗಿ ಸಲ್ಲಿಸತಕ್ಕದ್ದು.’ ಇದು ಅವರು ಬರೆದಿದ್ದು.”

“ಅಬ್ಬಬ್ಬಾ! ಆಸ್ಪತ್ರೆಯೋ ಪೊಲೀಸ್ ಠಾಣೆಯೋ?”

“ಇದು ನಾನು ಬರೆದಿದ್ದು. ‘ನಿಮ್ಮನ್ನು ಸರಿಯಾಗಿ ನೋಡಿಕೊಳ್ಳಲು ನಮಗೆ ನಾಲ್ಕು ವಿಷಯ ಗೊತ್ತಾಗಬೇಕು.’”

“ಹಾಂ, ಇದು ಮನುಷ್ಯರು ಕೇಳಿದ ಹಾಗಿದೆ,” ಎಂದು ಅಕ್ಕ ದಾರ ಕಚ್ಚಿ ಹರಿಯುವಳು. ಅಷ್ಟಾದರೆ ಯಾಕಮ್ಮನಿಗೆ ಸಮಾಧಾನ.

ಈ ಅಕ್ಕನಿಗೆ ಒಂದು ಗುಟ್ಟಿತ್ತು. ಮೂವತ್ತಮೂರನೆಯ ವಯಸ್ಸಿನಲ್ಲಿ, ಮದುವೆಗೆ ಎರಡು ವರ್ಷ ಮುಂಚೆ, ಅವಳ ಮನಸ್ಸು ಕೈಕೊಟ್ಟಿತ್ತು. ಮೂರು ವಾರ ನಿದ್ದೆಯೇ ಇಲ್ಲದೆ ಒಂದೇ ಸಮ ಮಾತಾಡಿದಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿದ್ದು ಎದ್ದು ಬಂದಳು. ಅಂದಿನಿಂದ ಹತ್ತೊಂಬತ್ತು ವರ್ಷ, ದಿನಕ್ಕೆರಡು ಮಾತ್ರೆ, ಒಂದು ದಿನವೂ ತಪ್ಪಿಲ್ಲ, ಕಾಯಿಲೆ ಮತ್ತೆ ಹತ್ತಿರ ಸುಳಿದಿಲ್ಲ. ಬಸ್ ಓಡಿಸುವ ಭಾವನಿಗೆ ಅದು ಥೈರಾಯ್ಡ್ ಮಾತ್ರೆ ಎಂದು ಹೇಳಿಟ್ಟಿದ್ದಳು. ಭಾವ ಪಾಪದ ಮನುಷ್ಯ, ಹೆಂಡತಿ ಹೇಳಿದ್ದನ್ನು ನಂಬುವುದೇ ಸಂಸಾರ ಅಂದುಕೊಂಡವನು. ಗುಟ್ಟು ಗೊತ್ತಿದ್ದದ್ದು ಅಮ್ಮನಿಗೆ, ತಂಗಿಗೆ. ಅಮ್ಮ ಹೋದ ಮೇಲೆ ತಂಗಿ ಒಬ್ಬಳಿಗೇ.

“ಕತ್ತರಿ ಹಿಡ್ಕೊಂಡು ಜನರ ಕುತ್ತಿಗೆಗೆ ಟೇಪು ಸುತ್ತೋಳು ನಾನು,” ಎನ್ನುತ್ತಿದ್ದಳು ಅಕ್ಕ. “ತಲೆ ಕೆಟ್ಟಿತ್ತು ಅಂತ ಗೊತ್ತಾದ್ರೆ ಯಾರು ಕಣೇ ನನ್ನ ಹತ್ರ ಬಂದು ನಿಂತ್ಕೋತಾರೆ?”

ಆ ವರ್ಷ ಒಂದು ದೊಡ್ಡ ಆಸ್ಪತ್ರೆಯವರು ಯಾಕಮ್ಮನ ಆಫೀಸಿಗೆ ಕೆಲಸ ಕೊಟ್ಟರು. ಆಪರೇಷನ್ನಿಗೆ ಬರುವವರು ಪರದೆಯ ಮೇಲೆ ತುಂಬುವ ಅರ್ಜಿಯನ್ನು ಹೊಸದಾಗಿ ಬರೆದುಕೊಡಬೇಕು. ಕೆಲಸ ಅರ್ಧಕ್ಕೆ ಬಂದಾಗ ಅಕ್ಕನಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು, ತೆಗೆಯಲೇಬೇಕು ಅಂದರು. ಭಾವನ ಕಂಪನಿಯವರು ಗೊತ್ತುಮಾಡಿದ್ದು ಅದೇ ಆಸ್ಪತ್ರೆ. ಹೆಸರು ಬರೆಸಲು ಗಂಡಹೆಂಡಿರು ಹೋದರು. ಅಲ್ಲಿ ಇನ್ನೂ ಹಳೆಯ ಅರ್ಜಿಯೇ ಇತ್ತು. ಭಾವ ಹೊಸ ಕನ್ನಡಕದ ಹುಮ್ಮಸ್ಸಿನಲ್ಲಿ ಹೆಂಡತಿಯ ಭುಜದ ಮೇಲಿಂದ ಬಗ್ಗಿ, ಒಂದೊಂದೇ ಪ್ರಶ್ನೆಯನ್ನು ಬಸ್ಸಿನಲ್ಲಿ ಸ್ಟಾಪು ಕೂಗುವ ಗಂಟಲಲ್ಲಿ ಓದಿದ. “ಮಾನಸಿಕ ರೋಗದ ಇತಿಹಾಸ ಇದೆಯೇ, ಹೌದು, ಇಲ್ಲ. ಏನೇನೆಲ್ಲ ಕೇಳ್ತಾರಪ್ಪ ಇವ್ರು! ಇಲ್ಲ ಒತ್ತು, ಇಲ್ಲ ಒತ್ತು.”

ಹಿಂದೆ ಹನ್ನೊಂದು ಜನ ಸಾಲಿನಲ್ಲಿದ್ದರು. ಅಕ್ಕ ‘ಇಲ್ಲ’ ಒತ್ತಿದಳು.

ಅಂಗಡಿಯಲ್ಲಿ ಇದನ್ನು ಅಕ್ಕ ನಗುನಗುತ್ತಾ ಹೇಳಿದಳು, ಭಾವನ ದನಿಯನ್ನೂ ಅನುಕರಿಸಿದಳು. ಯಾಕಮ್ಮನಿಗೆ ನಗು ಬರಲಿಲ್ಲ.

“ಅಕ್ಕ, ಮತ್ತು ಬರಿಸೋ ಮದ್ದಿಗೂ ನಿನ್ನ ಮಾತ್ರೆಗೂ ಆಗಿಬರದೇ ಹೋದ್ರೆ? ಡಾಕ್ಟರಿಗೆ ಗೊತ್ತಿರಲೇಬೇಕು. ಇದು ಹುಡುಗಾಟ ಅಲ್ಲ.”

“ಇನ್ನೂ ಆರು ವಾರ ಇದೆ ಬಿಡೇ, ಆಪರೇಷನ್ ದಿನ ಇನ್ನೊಮ್ಮೆ ತುಂಬಿಸ್ತಾರಂತೆ. ಆವತ್ತಿನ ಕಥೆ ಆವತ್ತಿಗೆ.”

ಯಾಕಮ್ಮ ಬಿಡಲಿಲ್ಲ. ಆದರೆ ಹಿಡಿದದ್ದು ಅಕ್ಕನನ್ನಲ್ಲ, ಪ್ರಶ್ನೆಯನ್ನು. ಮರುದಿನವೇ ಅದನ್ನು ಕಿತ್ತು ಬೇರೆ ಬರೆದಳು. ‘ಈಗ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಬಿ.ಪಿ., ಸಕ್ಕರೆ, ನಿದ್ದೆ, ಮನಸ್ಸು, ಯಾವುದರದಾದರೂ ಸರಿ. ಕಾಯಿಲೆಯ ಹೆಸರು ಬೇಡ, ಮಾತ್ರೆಯ ಹೆಸರು ಸಾಕು. ಮತ್ತಿನ ಮದ್ದು ಅದರೊಂದಿಗೆ ಹೊಂದುತ್ತದೆಯೇ ಎಂದು ನೋಡಲು ಕೇಳುತ್ತಿದ್ದೇವೆ. ಮತ್ತಿನ ಮದ್ದು ಕೊಡುವ ವೈದ್ಯರು ಮಾತ್ರ ಇದನ್ನು ಓದುತ್ತಾರೆ.’

ಮೀಟಿಂಗಿನಲ್ಲಿ ಆಸ್ಪತ್ರೆಯ ಕಡೆಯಿಂದ ಬರುತ್ತಿದ್ದವರು ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರೇ. ಆಫೀಸಿನವರು ಅವರನ್ನು ಮತ್ತಿನ ಡಾಕ್ಟರು ಎನ್ನುತ್ತಿದ್ದರು. ಕಡಿಮೆ ಮಾತಿನ, ಗಡಿಯಾರ ನೋಡುವ ಮನುಷ್ಯ. ಅವರು ಓದಿ, “ಉದ್ದ ಆಯ್ತು. ನನಗೆ ಹೌದು-ಇಲ್ಲ ಸಾಕು. ಹಳೇದೇ ಇರಲಿ,” ಎಂದರು.

“ಹಳೇದಕ್ಕೆ ಜನ ಸುಳ್ಳು ಹೇಳ್ತಾರೆ ಡಾಕ್ಟ್ರೇ.”

“ಆಪರೇಷನ್ನಿಗೆ ಬಂದೋರು ಯಾಕ್ರೀ ಸುಳ್ಳು ಹೇಳ್ತಾರೆ? ಒಂದು ಉದಾಹರಣೆ ಕೊಡಿ ನೋಡೋಣ.”

ಅಯ್ಯೋ, ಆ ಒಂದು ಮಾತು! ಯಾಕಮ್ಮ ಹೇಳಿಯೇಬಿಟ್ಟಳು. ‘ನನಗೆ ಗೊತ್ತಿರೋ ಒಬ್ಬರು’ ಎಂದು ಶುರುಮಾಡಿ, ಹೊಲಿಗೆ ಅಂಗಡಿ, ಹತ್ತೊಂಬತ್ತು ವರ್ಷದ ಮಾತ್ರೆ, ಥೈರಾಯ್ಡಿನ ನೆಪ, ಯಾರು ಹತ್ತಿರ ಬಂದು ನಿಲ್ಲುತ್ತಾರೆ ಎಂಬ ಭಯ, ಭುಜದ ಮೇಲಿಂದ ಬಗ್ಗಿ ಓದಿದ ಗಂಡ, ಬೆನ್ನ ಹಿಂದಿನ ಹನ್ನೊಂದು ಜನ, ಯಾವುದನ್ನೂ ಬಿಡದೆ ಹೇಳಿದಳು. ಹೆಸರು ಹೇಳಲಿಲ್ಲ. ಚೆನ್ನಾಗಿಯೇ ಹೇಳಿದಳು, ಮಾತು ಅವಳ ಕಸುಬು ತಾನೇ. ಡಾಕ್ಟರು ಗಡಿಯಾರ ನೋಡುವುದನ್ನು ಮರೆತು, “ಇದು ಅಪಾಯ. ಬದಲಾಯಿಸಿ,” ಎಂದರು. ಅವಳ ಮೇಲಧಿಕಾರಿ ಮೇಡಂ ಮೇಜಿನ ಕೆಳಗೆ ಅವಳ ಕೈ ಒತ್ತಿದರು. ಯಾಕಮ್ಮ ಗೆದ್ದಳು.

ಆ ಕಸುಬಿನವರಲ್ಲಿ ಒಂದು ರೂಢಿ ಇದೆ. ಅರ್ಜಿ ತುಂಬುವವರು ಎಂಥವರು ಎಂಬುದು ಮರೆತುಹೋಗದಿರಲಿ ಎಂದು ನಾಲ್ಕಾರು ಜನರ ಚಿತ್ರ ಬರೆದು, ಅವರ ವಯಸ್ಸು, ಕೆಲಸ, ಭಯ, ಕಷ್ಟಗಳನ್ನು ರಟ್ಟಿನ ಮೇಲೆ ಹಾಕಿ ಗೋಡೆಗೆ ಅಂಟಿಸುತ್ತಾರೆ. ಆಫೀಸಿನಲ್ಲಿ ಚಿತ್ರ ಬರೆಯುವ ಹುಡುಗಿ ಮೀಟಿಂಗಿನ ಮಾರನೆಯ ದಿನವೇ ಒಂದು ಹೊಸ ರಟ್ಟು ಮಾಡಿ, ಕರಡನ್ನು ಯಾಕಮ್ಮನಿಗೆ ಕಳಿಸಿದಳು. ಯಾಕಮ್ಮ ಅದನ್ನು ಓದಿದಳು. ‘ಹೊಲಿಗೆಯವಳು’ ಎಂದಿದ್ದದ್ದನ್ನು ‘ಹೊಲಿಗೆಯವರು’ ಮಾಡಿದಳು, ‘ಹೇಳಿದ್ದಾಳೆ’ಯನ್ನು ‘ಹೇಳಿದ್ದಾರೆ’ ಮಾಡಿದಳು, ಗೌರವ ಇರಲಿ ಅಂತ. ಎರಡು ಕಡೆ ಪೂರ್ಣವಿರಾಮ ಹಾಕಿ, ‘ಚೆನ್ನಾಗಿದೆ’ ಎಂದು ವಾಪಸ್ ಕಳಿಸಿದಳು. ಅದು ಗೋಡೆಗೆ ಹೋಯಿತು. ಅವಳಿಗೆ ಅದು ತಿದ್ದಿ ಕಳಿಸಿದ ನೂರಾರು ಕಾಗದಗಳಲ್ಲಿ ಇನ್ನೊಂದು, ಅಷ್ಟೇ.

ಮೂರು ವಾರ ಕಳೆದ ಮೇಲೆ ಹೊಸ ಅರ್ಜಿಯನ್ನು ಹೊರಗಿನ ಐದು ಜನರ ಕೈಯಲ್ಲಿ ತುಂಬಿಸಿ ನೋಡುವ ದಿನ ಬಂತು. ಬೆಳಗ್ಗೆ ಒಬ್ಬಾಕೆ ಜ್ವರ ಅಂತ ಕೈಕೊಟ್ಟಳು.

“ನಿಮ್ಮಕ್ಕ ಇಲ್ಲೇ ಎಲ್ಲೋ ಹತ್ತಿರ ಇದ್ದಾರಂತಲ್ಲ, ಒಂದು ಗಂಟೆ ಬಂದು ಹೋಗ್ಲಿ,” ಎಂದರು ಮೇಡಂ.

ಯಾಕಮ್ಮ ಫೋನ್ ಮಾಡಿದಳು. ಅಕ್ಕನಿಗೆ ಖುಷಿಯೋ ಖುಷಿ. ಇಷ್ಟು ವರ್ಷ ಸ್ಟೂಲಿನ ಮೇಲಿಂದ ಕೇಳಿದ ಮಾತುಗಳು ಹುಟ್ಟುವ ಜಾಗ ನೋಡಬಹುದಲ್ಲ! ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ತಾನೇ ಹೊಲಿದುಕೊಂಡ ನೀಲಿ ಕೋಟು ತೊಟ್ಟು ಬಂದಳು. ಲಿಫ್ಟಿನ ಬಾಗಿಲಲ್ಲಿ ತಂಗಿಯ ಕಾಲರು ಸರಿಮಾಡಿ, “ಎಷ್ಟು ಜನ ಇದ್ದೀರೇ ಇಲ್ಲಿ!” ಎಂದಳು. ತುಂಬುವವರು ದಾಕ್ಷಿಣ್ಯವಿಲ್ಲದೆ ಮಾತಾಡಲಿ ಎಂದು ಪ್ರಶ್ನೆ ಬರೆದವರು ಪರೀಕ್ಷೆ ನಡೆಯುವ ಕೋಣೆಯೊಳಗೆ ಇರಬಾರದೆಂಬ ನಿಯಮ. ಅಕ್ಕನನ್ನು ಬಾಗಿಲ ತನಕ ಬಿಟ್ಟು ಯಾಕಮ್ಮ ತನ್ನ ಮೇಜಿಗೆ ಬಂದಳು.

ಒಂದೂವರೆ ಗಂಟೆಯಾದರೂ ಅಕ್ಕನ ಸುದ್ದಿಯಿಲ್ಲ. ವಿಚಾರಿಸಿದರೆ, ಆಗಲೇ ಮುಗಿಸಿ ಹೊರಟರಂತೆ. ಹೇಳದೆ ಹೋಗುವವಳಲ್ಲವಲ್ಲ ಎಂದುಕೊಳ್ಳುತ್ತಾ ಯಾಕಮ್ಮ ತುಂಬಿದ ಅರ್ಜಿಗಳನ್ನು ತೆರೆದಳು. ನಾಲ್ಕನೆಯವರು ಅಕ್ಕ. ಏಳನೆಯ ಪ್ರಶ್ನೆ, ಮಾತ್ರೆಗಳದು. ಅದರ ಮುಂದೆ ಅಕ್ಕ ‘ಯಾವುದೂ ಇಲ್ಲ’ ಎಂದು ಬರೆದಿದ್ದಳು.

ಪಕ್ಕದಲ್ಲಿ ಪರೀಕ್ಷೆ ನಡೆಸಿದವನ ಟಿಪ್ಪಣಿ ಇತ್ತು. ‘ನಾನು ನೀರು ತರಲು ಹೋದಾಗ ಗೋಡೆಯ ಹತ್ತಿರ ನಿಂತಿದ್ದರು. ಆಮೇಲೆ ಏನೂ ಮಾತಾಡಲಿಲ್ಲ. ತುಂಬಾ ಮರ್ಯಾದೆಯಿಂದ ನಡೆದುಕೊಂಡರು.’

ಯಾಕಮ್ಮ ಎದ್ದು ಆ ಕೋಣೆಗೆ ಓಡಿದಳು. ಗೋಡೆಯ ಮೇಲೆ, ಕುರ್ಚಿಗೆ ನೇರ ಎದುರಿಗೆ, ಹೊಲಿಗೆ ಮಿಷನ್ನಿನ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಇತ್ತು:

‘ಹೊಲಿಗೆಯವರು, 52 ವರ್ಷ. ಸ್ವಂತ ಅಂಗಡಿ. ಹತ್ತೊಂಬತ್ತು ವರ್ಷದಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ. ಗಂಡನಿಗೆ ಥೈರಾಯ್ಡ್ ಎಂದು ಹೇಳಿದ್ದಾರೆ. ತಂಗಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಭಯ: ಗೊತ್ತಾದರೆ ಯಾರು ನನ್ನ ಹತ್ತಿರ ಬಂದು ನಿಲ್ಲುತ್ತಾರೆ?’

ಪೂರ್ಣವಿರಾಮಗಳೆಲ್ಲ ಸರಿಯಾಗಿದ್ದವು.

ಕಿತ್ತಳು. ಅರ್ಧ ರಟ್ಟು ಗೋಡೆಯಲ್ಲೇ ಉಳಿಯಿತು, ಉಗುರಿನಿಂದ ಕೆರೆದು ತೆಗೆದಳು. ಮೇಡಂ ಬಂದು, “ಅಯ್ಯೋ, ಯಾಕ್ರೀ? ಹೆಸರೇ ಇಲ್ವಲ್ಲ ಅದರಲ್ಲಿ. ಯಾರಿಗೆ ಗೊತ್ತಾಗುತ್ತೆ?” ಎಂದರು.

“ಗೊತ್ತಾಗಬೇಕಾದೋರಿಗೆ ಗೊತ್ತಾಯ್ತು ಮೇಡಂ,” ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು.

ಅಂಗಡಿ ತೆರೆದಿತ್ತು. ಅಕ್ಕ ನೀಲಿ ಕೋಟು ಬಿಚ್ಚಿಟ್ಟು, ಯಾರದೋ ಪ್ಯಾಂಟಿಗೆ ಪಿನ್ನು ಚುಚ್ಚುತ್ತಿದ್ದಳು. ಗಿರಾಕಿ ಹೋಗುವವರೆಗೂ ಯಾಕಮ್ಮ ಬಾಗಿಲಲ್ಲೇ ನಿಂತಳು. ಸ್ಟೂಲಿನ ಮೇಲೆ ಬಟ್ಟೆ ಗಂಟಿತ್ತು, ಅಕ್ಕ ಅದನ್ನು ತೆಗೆಯಲಿಲ್ಲ.

“ಅಕ್ಕ, ನಾನು…”

“ಎಷ್ಟು ಜನ ಓದಿದ್ದಾರೆ?”

“ಹದಿಮೂರು, ಹದಿನಾಲ್ಕು. ನಿನ್ನದು ಅಂತ ಯಾರಿಗೂ ಗೊತ್ತಿಲ್ಲ.”

“ನನಗೆ ಗೊತ್ತಲ್ವಾ?” ಅಕ್ಕ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. “ಇಪ್ಪತ್ತೆಂಟು ವರ್ಷ ಆಯ್ತು ಈ ಟೇಪು ಹಿಡಿದು. ಈ ಅಳತೆ ಪುಸ್ತಕದಲ್ಲಿ ಸುತ್ತಮುತ್ತಲ ನಾಲ್ಕು ಬೀದಿಯೋರ ಸೊಂಟ, ಎದೆ, ಹೊಟ್ಟೆ ಎಲ್ಲಾ ಇದೆ. ಯಾರು ಬಸುರಿ ಅಂತ ಅವರ ಗಂಡಂದಿರಿಗಿಂತ ಮುಂಚೆ ನನಗೆ ಗೊತ್ತಾಗುತ್ತೆ. ಒಂದಾದ್ರೂ, ಒಂದೇ ಒಂದಾದ್ರೂ ನಿನ್ನ ಹತ್ರ ಬಾಯಿ ಬಿಟ್ಟಿದ್ದೀನಾ? ನೀನು ನನ್ನ ತಂಗಿ ಅಂತಾನಾದ್ರೂ?”

“ಇಲ್ಲ.”

“ಯಾಕೆ ಕೇಳ್ತೀರಿ, ಯಾರು ಓದ್ತಾರೆ ಅಂತ ಊರೋರನ್ನೆಲ್ಲ ನಿಲ್ಲಿಸಿ ಕೇಳ್ತೀಯಲ್ಲೇ. ನನ್ನ ಕೇಳೋಕೆ ಏನಾಗಿತ್ತು ನಿನಗೆ? ‘ಅಕ್ಕ, ಹೀಗೆ ಹೇಳ್ಲಾ’ ಅಂತ ಒಂದು ಮಾತು. ಬೇಡ ಅಂತಿದ್ದೆ. ಬೇಡ ಅಂತೀನಿ ಅಂತ ಗೊತ್ತಿದ್ದೇ ಕೇಳಲಿಲ್ಲ ನೀನು.”

ಅದು ನಿಜವೋ ಅಲ್ಲವೋ ಎಂದು ಯಾಕಮ್ಮನಿಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅಕ್ಕ ನೋಡಿಯೂ ನೋಡದವಳಂತೆ ಸೂಜಿಗೆ ದಾರ ಪೋಣಿಸಿದಳು.

“ತಪ್ಪಾಯ್ತು ಅಕ್ಕ. ಬಯ್ಯಿ, ಹೊಡಿ. ಆದ್ರೆ ಆಪರೇಷನ್ ದಿನ ಡಾಕ್ಟರಿಗೆ ಮಾತ್ರ…”

“ಇಲ್ಲ ಅಂತಾನೇ ಬರೀತೀನಿ,” ಎಂದಳು ಅಕ್ಕ, ಕಡ್ಡಿ ಮುರಿದ ಹಾಗೆ. “ಒಬ್ಬರಿಗೆ ಹೇಳಿದ್ದೆ, ಅದೀಗ ಗೋಡೆ ಮೇಲಿದೆ. ಇನ್ನೊಬ್ಬರಿಗೆ ಹೇಳಿದ್ರೆ ಬೀದಿ ಮೇಲಿರುತ್ತೆ. ಇನ್ನು ಆ ಮಾತ್ರೆ ವಿಷಯ ನಿನ್ನ ಬಾಯಲ್ಲಿ ಬಂದ್ರೆ ನನಗೂ ನಿನಗೂ ಆಯ್ತು ಅಂತ ತಿಳ್ಕೋ.”

ಆಮೇಲಿನ ಹದಿನೈದು ದಿನ ಯಾಕಮ್ಮ ಹೇಗೆ ಕಳೆದಳೋ ಅವಳಿಗೇ ಗೊತ್ತು. ಐದೂವರೆಗೆ ಬಸ್ಸು ಆ ಸ್ಟಾಪಿನಲ್ಲಿ ನಿಲ್ಲುತ್ತಿತ್ತು, ಇವಳು ಇಳಿಯದೆ ಮುಂದೆ ಹೋಗುತ್ತಿದ್ದಳು. ಕಿಟಕಿಯಿಂದ ಅಂಗಡಿಯ ಟ್ಯೂಬ್‌ಲೈಟು ಮಾತ್ರ ಕಾಣುತ್ತಿತ್ತು.

ಡಾಕ್ಟರ ನಂಬರು ಅವಳ ಫೋನಿನಲ್ಲೇ ಇತ್ತು. ಒಂದು ಮಧ್ಯಾಹ್ನ ಆಫೀಸಿನ ಮೆಟ್ಟಿಲ ಮೇಲೆ ಕೂತು ಒತ್ತಿಯೂಬಿಟ್ಟಳು. ‘ಆವತ್ತು ಹೇಳಿದ ಹೊಲಿಗೆಯವರು ನನ್ನ ಅಕ್ಕ, ಇಂಥ ದಿನ ನಿಮ್ಮ ಮುಂದೆ ಮಲಗುತ್ತಾಳೆ, ಇಂಥ ಮಾತ್ರೆ’ ಅಂದರೆ ಮುಗಿಯಿತು, ಅಕ್ಕನ ಜೀವಕ್ಕೆ ಭಯವಿಲ್ಲ. ಎರಡು ಸಲ ರಿಂಗಾಯಿತು. ಕಟ್ ಮಾಡಿದಳು. ಜೀವ ಉಳಿಸುವುದಕ್ಕೆ ಅಂತಲೇ ಮೊದಲ ಸಲವೂ ಹೇಳಿದ್ದಳಲ್ಲ. ಕಟ್ ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

ಒಳಗೆ ಬಂದು ಏಳನೆಯ ಪ್ರಶ್ನೆಯನ್ನು ಮತ್ತೆ ತೆರೆದಳು. ಎಷ್ಟೋ ಹೊತ್ತು ನೋಡಿದ ಮೇಲೆ ಅವಳಿಗೆ ಹೊಳೆಯಿತು. ಎಷ್ಟು ನಯವಾಗಿ ಕೇಳಿದರೂ, ಬರೆ ಎನ್ನುತ್ತಿದೆಯೇ ಹೊರತು ಬರೆಯದೆ ಇರಲು ದಾರಿಯೇ ಇಲ್ಲ. ಬರೆಯುವ ಮನಸ್ಸಿಲ್ಲದವರಿಗೆ ಸುಳ್ಳೊಂದೇ ಬಾಗಿಲು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ‘ಇಲ್ಲಿ ಬರೆಯುವುದಿಲ್ಲ. ವೈದ್ಯರಿಗೇ ನೇರವಾಗಿ ಹೇಳುತ್ತೇನೆ.’ ಪಕ್ಕದಲ್ಲಿ ಗುರುತು ಹಾಕಲು ಒಂದು ಚೌಕ.

ಕೊನೆಯ ಮೀಟಿಂಗಿನಲ್ಲಿ ಮತ್ತಿನ ಡಾಕ್ಟರು ಇದನ್ನು ಒಪ್ಪಲಿಲ್ಲ. “ಒಬ್ಬೊಬ್ಬರ ಹತ್ರ ಕೂತು ಕೇಳ್ತಾ ಹೋದ್ರೆ ನನ್ನ ಬೆಳಗ್ಗೆಯೆಲ್ಲಾ ಅದಕ್ಕೇ ಹೋಗುತ್ತೆ. ಇದು ಯಾರಿಗೆ ಬೇಕು? ಹೋದ ಸಲ ಹೇಳಿದ್ರಲ್ಲ, ಆ ಹೊಲಿಗೆಯವರು, ಅಂಥದ್ದು ಒಂದು ಹೇಳಿ, ಒಪ್ಕೋತೀನಿ.”

ಮೇಡಂ ಇವಳ ಕಡೆ ನೋಡಿದರು. ಹೇಳಲು ಎಷ್ಟೊಂದಿತ್ತು! ಗೋಡೆಯ ಮುಂದೆ ನಿಂತ ನೀಲಿ ಕೋಟು ಒಂದನ್ನು ಹೇಳಿದ್ದರೂ ಸಾಕಿತ್ತು, ಡಾಕ್ಟರು ಇನ್ನೊಮ್ಮೆ ಗಡಿಯಾರ ಮರೆಯುತ್ತಿದ್ದರು.

“ಉದಾಹರಣೆ ಇಲ್ಲ ಡಾಕ್ಟ್ರೇ.”

“ಹಾಗಾದ್ರೆ?”

“ಇದ್ರೂ ಕೊಡಲ್ಲ. ಹೋದ ಸಲ ಕೊಟ್ಟಿದ್ದೇ ತಪ್ಪು, ಹೇಳೋಕೆ ಅದು ನನ್ನ ಮಾತಲ್ಲ. ನಿಮಗೆ ದಿನಕ್ಕೆ ಹತ್ತು ನಿಮಿಷ ಜಾಸ್ತಿ ಕೆಲಸ ಆಗುತ್ತೆ, ನಿಜ. ನಿಮ್ಮ ಮುಂದೆ ಕಣ್ಮುಚ್ಚಿ ಮಲಗೋರಿಗೆ ಅಷ್ಟೂ ಮಾಡೋಕಾಗಲ್ವಾ?”

ದನಿ ಗಡುಸಾಗಿಬಿಟ್ಟಿತ್ತು. ಮೇಡಂ ಕೆಮ್ಮಿದರು. ಡಾಕ್ಟರು ಅವಳ ಮುಖವನ್ನೇ ನೋಡಿ, ಆಮೇಲೆ ಗಡಿಯಾರ ನೋಡಿ, “ಒಂದು ತಿಂಗಳು ಇಟ್ಟು ನೋಡೋಣ,” ಎಂದರು. ಸೋಮವಾರ ಹೊಸ ಅರ್ಜಿ ಆಸ್ಪತ್ರೆಯ ಪರದೆಗಳಿಗೆ ಹೋಯಿತು. ಅಕ್ಕನ ಆಪರೇಷನ್ ಗುರುವಾರ.

ಬುಧವಾರ ಐದೂವರೆಗೆ ಯಾಕಮ್ಮ ಆ ಸ್ಟಾಪಿನಲ್ಲಿ ಇಳಿದಳು. ಅಕ್ಕ ಅಂಗಡಿ ಮುಚ್ಚುವ ಮುಂಚೆ ಗಿರಾಕಿಗಳ ಬಟ್ಟೆಗಳಿಗೆ ಚೀಟಿ ಕಟ್ಟುತ್ತಿದ್ದಳು. ಯಾಕಮ್ಮ ಹೊರಗೇ ನಿಂತು, ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದಳು.

“ನಾಳೆ ನಿನಗೆ ಮತ್ತು ಕೊಡೋ ಡಾಕ್ಟರೇ ಆವತ್ತು ನನ್ನ ಮಾತು ಕೇಳಿದ್ದು. ನೀನೇ ಅಂತ ಅವರಿಗೆ ಗೊತ್ತಿಲ್ಲ. ನಿನಗೆ ತಿಳಿದಿರ್ಲಿ. ಮೊನ್ನೆ ಅವರಿಗೆ ಫೋನ್ ಮಾಡಿದೆ, ನಿನ್ನ ವಿಷಯ ಹೇಳಿಬಿಡೋಣ ಅಂತ. ಅವರು ತೆಗೆಯೋಕೆ ಮುಂಚೆ ಕಟ್ ಮಾಡಿದೆ. ನಾನು ಹೇಳಲ್ಲ. ನನಗೆ ಭಯ ಆಗ್ತಿದೆ ಅಕ್ಕ, ನೀನು ಸತ್ತುಹೋಗ್ತೀಯೇನೋ ಅಂತ. ಆದ್ರೂ ಹೇಳಲ್ಲ. ಹೇಳೋಳು ನೀನೇ.”

ಅಕ್ಕ ಚೀಟಿ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಷಟರು ಎಳೀಬೇಕು, ದಾರಿ ಬಿಡು,” ಎಂದಳು.

ಗುರುವಾರ ಬೆಳಗ್ಗೆ ಏಳಕ್ಕೆಲ್ಲ ಯಾಕಮ್ಮ ಆಸ್ಪತ್ರೆಯಲ್ಲಿದ್ದಳು. ಬಾ ಎಂದು ಅಕ್ಕ ಕರೆದಿರಲಿಲ್ಲ, ಭಾವ ಕರೆದಿದ್ದ. ಅಕ್ಕ ಆಗಲೇ ಅರ್ಜಿ ತುಂಬಿ ಮುಗಿಸಿ, ಹಸಿರು ಗೌನು ತೊಟ್ಟು, ಸಣ್ಣ ಕೋಣೆಯೊಂದರ ಮಂಚದ ಮೇಲೆ ಕೂತಿದ್ದಳು. ಗೌನಿನ ಹೊಲಿಗೆ ತಿರುವಿ ನೋಡಿ, “ಥೂ, ಎಂಥ ಕೆಲಸ!” ಎನ್ನುತ್ತಿದ್ದಳು.

“ಅರ್ಜಿ ತುಂಬುವಾಗ ನನ್ನ ಹತ್ರಕ್ಕೇ ಸೇರಿಸ್ಲಿಲ್ಲ ನೋಡು ನಿಮ್ಮಕ್ಕ,” ಎಂದು ಭಾವ ದೂರು ಹೇಳಿದ. “ದೂರ ಕೂತ್ಕೊಳ್ಳಿ ಅಂದ್ಬಿಟ್ಳು.”

ಏನು ಬರೆದೆ ಅಂತ ಯಾಕಮ್ಮನ ನಾಲಿಗೆ ತುದಿಯವರೆಗೂ ಬಂತು. ಹಲ್ಲು ಕಚ್ಚಿ ನುಂಗಿಕೊಂಡಳು. ಅಕ್ಕ ಇವಳ ಕಡೆ ತಿರುಗಲಿಲ್ಲ.

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಮತ್ತಿನ ಡಾಕ್ಟರು ಫೈಲು ಹಿಡಿದು ಬಂದರು. ಮೊದಲು ಅಕ್ಕನನ್ನು, ಆಮೇಲೆ ಮೂಲೆಯಲ್ಲಿ ನಿಂತ ಯಾಕಮ್ಮನನ್ನು ನೋಡಿದರು. ಕಣ್ಣು ಅರೆಗಳಿಗೆ ನಿಂತಿತು. ಅರ್ಥವಾಯಿತೋ ಏನೋ. ಗುರುತಿನ ನಗೆ ನಗಲಿಲ್ಲ, ಹೇಗಿದ್ದೀರಿ ಅನ್ನಲಿಲ್ಲ, ಯಾರೋ ಹೊರಗಿನವರನ್ನು ನೋಡಿದ ಹಾಗೆ ನೋಡಿ ಫೈಲು ತೆರೆದರು. ಒಂದು ಹಾಳೆ ತಿರುವಿ, ಸ್ಟೂಲು ಎಳೆದುಕೊಂಡು, ಅಕ್ಕನ ಸಮಕ್ಕೆ ಕೂತರು.

“ಅಮ್ಮಾ, ಒಂದು ಪ್ರಶ್ನೆಗೆ ಇಲ್ಲಿ ಬರೆಯಲ್ಲ, ನನಗೇ ಹೇಳ್ತೀನಿ ಅಂತ ಗುರುತು ಹಾಕಿದ್ದೀರಿ.”

ಯಾಕಮ್ಮ ಗೋಡೆಗೆ ಒರಗಿದಳು.

“ಇವರಿಬ್ಬರೂ ಇಲ್ಲೇ ಇರಬಹುದಾ, ಹೊರಗೆ ಹೋಗ್ಬೇಕಾ? ನೀವು ಹೇಗೆ ಹೇಳ್ತೀರೋ ಹಾಗೆ,” ಎಂದರು ಡಾಕ್ಟರು.

ಭಾವ ತಬ್ಬಿಬ್ಬಾಗಿ ಹೆಂಡತಿಯನ್ನು ನೋಡಿದ. “ಏನದು?” ಎಂದು ತುಟಿಯಲ್ಲೇ ಕೇಳಿ, ಹೊರಡುವುದೋ ಕೂರುವುದೋ ತಿಳಿಯದೆ ಅರ್ಧ ಎದ್ದ. ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಭಾವನ ತೋಳು ಹಿಡಿದು ಮಂಚದ ಮೇಲೆ, ತನ್ನ ಪಕ್ಕದಲ್ಲಿ ಕೂರಿಸಿದಳು.

“ಇವ್ರು ಇರ್ಲಿ,” ಎಂದಳು. “ಅವಳು ಹೋಗ್ಲಿ.”

ಹತ್ತೊಂಬತ್ತು ವರ್ಷ ಆ ವಿಷಯ ಗೊತ್ತಿದ್ದವಳು, ಅಮ್ಮ ಹೋದ ಮೇಲೆ ಗೊತ್ತಿದ್ದ ಒಬ್ಬಳೇ ಒಬ್ಬಳು, ತಲೆಯಾಡಿಸಿ ಬಾಗಿಲ ಕಡೆ ನಡೆದಳು. ನೋವಾಯಿತು. ಅಕ್ಕ ಬದುಕುತ್ತಾಳೆ ಎಂಬ ಸಂತೋಷವೂ ಅಷ್ಟೇ ಆಯಿತು. ಎರಡೂ ಒಟ್ಟಿಗೇ ಬಂದು ಯಾವುದಕ್ಕೆ ಅಳಬೇಕೋ ತಿಳಿಯಲಿಲ್ಲ.

ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅದು ಪೂರ್ತಿ ಮುಚ್ಚುವ ಬಾಗಿಲಲ್ಲ, ಒಂದು ಬೆರಳು ಸಂದಿ ಉಳಿಯಿತು. ಒಳಗಿಂದ ಅಕ್ಕನ ದನಿ ಕೇಳಿಸಿತು, “ನಮ್ಮ ಮದುವೆಗೆ ಎರಡು ವರ್ಷ ಮುಂಚೆ…”

ಯಾಕಮ್ಮ ಅಲ್ಲಿ ನಿಲ್ಲಲಿಲ್ಲ. ಉದ್ದದ ಕಾರಿಡಾರಿನಲ್ಲಿ ಒಂದೊಂದೇ ಬಾಗಿಲು ದಾಟುತ್ತಾ, ಅಕ್ಕನ ಮಾತು ಕೇಳಿಸದಷ್ಟು ದೂರ ಹೋಗಿ, ಅಲ್ಲಿದ್ದ ಬೆಂಚಿನ ಮೇಲೆ ಕೂತಳು.